ನಿಯಮ ಸಡಿಲಿಸಿದ ಲೆಕ್ಕವನ್ನು ರಾಕೆಟ್ ನಂಬಬಹುದಾ?

ಪ್ರಶ್ನೆ: ರಾಕೆಟ್ ಇಳಿಸುವ ಲೆಕ್ಕ ಕಷ್ಟವಾದಾಗ ನಿಯಮವನ್ನೇ ಸಡಿಲಿಸಿ ಬಿಡಿಸುತ್ತಾರಂತೆ. ಹಾಗೆ ಬಂದ ಉತ್ತರ ನಿಜವಾದ ಎಂಜಿನ್‌ಗೆ ಹೇಗೆ ಒಪ್ಪುತ್ತದೆ?

ನ್ಯಾಯವಾದ ಅನುಮಾನ. ಕಷ್ಟ ಎಲ್ಲಿದೆ ಅಂತ ಮೊದಲು ನೋಡೋಣ. ಮಂಗಳದ ಮೇಲೆ ಇಳಿಯುವ ನೌಕೆಯ ಎಂಜಿನ್ ಒಮ್ಮೆ ಹೊತ್ತಿಕೊಂಡರೆ ಅದರ ನೂಕುಬಲವನ್ನು ಒಂದು ಮಿತಿಗಿಂತ ತಗ್ಗಿಸಲು ಆಗುವುದಿಲ್ಲ. ಮೇಲಕ್ಕೂ ಮಿತಿ ಇದೆ. ಯಾವ ದಿಕ್ಕಿಗೆ ಎಷ್ಟು ನೂಕಬಹುದು ಎಂದು ಚಿತ್ರ ಬರೆದರೆ ಉದ್ದಿನ ವಡೆ ಸಿಗುತ್ತದೆ, ನಡುವೆ ತೂತು. ಇಡ್ಲಿಯಲ್ಲಿ ಯಾವ ಎರಡು ಚುಕ್ಕಿ ಸೇರಿಸಿ ಗೆರೆ ಎಳೆದರೂ ಗೆರೆ ಇಡ್ಲಿಯೊಳಗೇ ಇರುತ್ತದೆ. ಅಂಥ ಆಕಾರವೇ ಕಾನ್ವೆಕ್ಸ್. ವಡೆಯಲ್ಲಿ ಗೆರೆ ತೂತಿಗೆ ಬೀಳಬಹುದು. ಇಡ್ಲಿಯಂಥ ಲೆಕ್ಕದ ಅತ್ಯುತ್ತಮ ಉತ್ತರವನ್ನು, ಇಲ್ಲಿ ಅತಿ ಕಡಿಮೆ ಇಂಧನದಲ್ಲಿ ಇಳಿಯುವ ದಾರಿಯನ್ನು, ಕಂಪ್ಯೂಟರ್ ಬೇಗ, ಖಾತ್ರಿಯಾಗಿ ಹುಡುಕುತ್ತದೆ. ವಡೆಯಲ್ಲಿ ಆ ಖಾತ್ರಿ ಇಲ್ಲ. ನೆಲ ಹತ್ತಿರ ಬರುತ್ತಿರುವಾಗ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಸುಮ್ನೆ ತೂತು ಮುಚ್ಚಿಬಿಟ್ಟರೆ ಎಂಜಿನ್ ಕೈಲಾಗದ ಉತ್ತರ ಬರುತ್ತದೆ. ಅಲ್ಲಿಗೆ ನಿಮ್ಮ ಅನುಮಾನ ಸರಿ. 2007ರಲ್ಲಿ ಸಂಶೋಧಕರಾದ ಬೆಹ್ಚೆತ್ ಅಚಿಕ್‌ಮೆಶೆ ಮತ್ತು ಸ್ಕಾಟ್ ಪ್ಲೋಯನ್ ತೋರಿಸಿದ ದಾರಿ ಬೇರೆ. ಅವರು ಲೆಕ್ಕಕ್ಕೆ ಇನ್ನೊಂದು ಸಂಖ್ಯೆ ಸೇರಿಸಿದರು. ಅದನ್ನು ಬಿಲ್ ಅನ್ನೋಣ. ಇಂಧನ ಖರ್ಚಾಗುವುದು ಬಿಲ್ ಪ್ರಕಾರ. ಬಿಲ್ ಎಂಜಿನ್‌ನ ಎರಡು ಮಿತಿಗಳ ನಡುವೆಯೇ ಇರಬೇಕು. ನೂಕುಬಲ ಮಾತ್ರ ಬಿಲ್‌ನಷ್ಟೇ ಇರಬೇಕಿಲ್ಲ, ಅದನ್ನು ಮೀರದಿದ್ದರೆ ಸಾಕು. ಸಡಿಲಿಸಿದ್ದು ಇಷ್ಟೇ. ಬಿಲ್ ಅನ್ನು ಎತ್ತರವಾಗಿ ಇಟ್ಟು ಚಿತ್ರ ಬರೆದರೆ ಈಗಿನ ಆಕಾರ ನೀರು ತುಂಬಿದ ಬಕೆಟ್. ಅದು ಕಾನ್ವೆಕ್ಸ್. ಹಳೆಯ ನಿಯಮಕ್ಕೆ ಒಪ್ಪುವ, ಅಂದರೆ ನೂಕುಬಲ ಬಿಲ್‌ನಷ್ಟೇ ಇರುವ ಚುಕ್ಕಿಗಳೆಲ್ಲ ಬಕೆಟ್ಟಿನ ಗೋಡೆಯ ಮೇಲಿವೆ.

ನನಗೆ ತುಂಬ ಇಷ್ಟವಾಗುವುದು ಮುಂದಿನ ಭಾಗ. ಅತ್ಯುತ್ತಮ ಉತ್ತರ ತಾನಾಗಿಯೇ ಹೋಗಿ ಗೋಡೆಗೆ ಅಂಟುತ್ತದೆ! ಆಟೋಗೆ ಮಿನಿಮಮ್ ಚಾರ್ಜ್ ಹೇಗೂ ಕೊಡಲೇಬೇಕು, ಮನೆ ಇನ್ನೂ ಮುಂದಿದೆ. ನಡುವೆ ಯಾರಾದರೂ ಇಳಿದು ನಡೆಯುತ್ತಾರಾ? ಇಲ್ಲೂ ಹಾಗೇ. ನೂಕಿದರೆ ಲಾಭ ಅನ್ನುವ ಒಂದು ದಿಕ್ಕು ಹೆಚ್ಚುಕಮ್ಮಿ ಪ್ರತಿ ಕ್ಷಣವೂ ಇರುತ್ತದೆ. ಬಿಲ್ ಕಟ್ಟಿದ ಮೇಲೆ ಆ ಕಡೆ ಪೂರ್ತಿ ನೂಕುವುದೇ ಜಾಣತನ. ಅತ್ಯುತ್ತಮ ದಾರಿ ಪ್ರತಿ ಕ್ಷಣವೂ ಪಾಲಿಸಲೇಬೇಕಾದ ಷರತ್ತು ಹೇಳುವ ಪೊಂಟ್ರ್ಯಾಗಿನ್ ತತ್ವ ಬಳಸಿ ಇದನ್ನು ಸಾಬೀತೂ ಮಾಡಿದ್ದಾರೆ. ಬೀಗ ತೆಗೆದಿಟ್ಟರೂ ಉತ್ತರ ಹೊರಗೆ ಹೋಗಲಿಲ್ಲ ಅನ್ನಿ.

ಎಲ್ಲ ಕಡೆ ಇಷ್ಟು ಸಲೀಸಲ್ಲ. ಗಾಳಿಯ ಎಳೆತ, ನೌಕೆಯ ವಾಲಾಟ ಸೇರಿದರೆ ಈ ಸಾಬೀತು ಹಾಗೇ ನಿಲ್ಲುವುದಿಲ್ಲ. ಆಗ ಒಂದು ದಾರಿಯನ್ನು ಊಹಿಸಿ, ಅದರ ಆಸುಪಾಸಿನಲ್ಲಿ ಲೆಕ್ಕವನ್ನು ಕಾನ್ವೆಕ್ಸ್ ಮಾಡಿ ಬಿಡಿಸುತ್ತಾರೆ. ಬಂದ ಉತ್ತರವನ್ನೇ ಹೊಸ ಊಹೆ ಮಾಡಿಕೊಂಡು ಮತ್ತೆ ಬಿಡಿಸುತ್ತಾರೆ. ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಸಿಕ್ಕಿದ್ದೇ ಎಲ್ಲಕ್ಕಿಂತ ಒಳ್ಳೆಯ ದಾರಿ ಅನ್ನುವ ಖಾತ್ರಿ ಮಾತ್ರ ಇಲ್ಲಿಲ್ಲ.