ಲೀಡ್ಸ್ ಹೆಸರು, ಕೋಪನ್‌ಹೇಗನ್ ಕೈ

ಹೋದ ತಿಂಗಳು ನಿವೃತ್ತ ಮೇಷ್ಟ್ರೊಬ್ಬರು ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ್ದ ಹೊಗೆಸೊಪ್ಪಿನ ಪೈಪೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಹಡಗಿನ ಕೆಲಸದಲ್ಲಿದ್ದ ಅವರ ಮಾವ ಎಲ್ಲೋ ಬಂದರಿನಲ್ಲಿ ಕೊಂಡದ್ದಂತೆ. "ಇಂಗ್ಲೆಂಡಿನದು ಸಾರ್. ಬೆನ್ ವೇಡ್ ಅಂತ ಇದೆ ನೋಡಿ, ಲೀಡ್ಸ್ ಊರಿನ ಹಳೇ ಕಂಪನಿ" ಎಂದರು. ಹೆಸರು ನಿಜ, ಕಂಪನಿಯೂ ನಿಜ. ಪೈಪು ಮಾತ್ರ ಇಂಗ್ಲೆಂಡಿನದಲ್ಲ.

ಹಳೆಯ ವಸ್ತುಗಳನ್ನು ರಿಪೇರಿ ಮಾಡಿ ಬೆಲೆ ಕಟ್ಟುವುದು ನನ್ನ ಕಸುಬು. ಪೈಪು ಕೈಗೆ ಬಂದಾಗ ಅದರ ಮೇಲಿನ ಹೆಸರನ್ನು ನಾನು ಎಲ್ಲಕ್ಕಿಂತ ಕೊನೆಗೆ ಓದುತ್ತೇನೆ. ಡೆನ್ಮಾರ್ಕಿನ ಪೈಪಾದರೆ ಇನ್ನೂ ಹುಷಾರು. ಅಲ್ಲಿ ಹೆಸರು ಬಹಳ ಸಲ ಮಾರಿದವನದು, ಮಾಡಿದವನದಲ್ಲ.

ಇದಕ್ಕೆ ಕಾರಣ ಯುದ್ಧಕಾಲದಲ್ಲಿದೆ. 1940ರ ಏಪ್ರಿಲ್‌ನಲ್ಲಿ ಜರ್ಮನಿ ಡೆನ್ಮಾರ್ಕನ್ನು ಹಿಡಿದುಕೊಂಡ ಮೇಲೆ ಇಂಗ್ಲೆಂಡಿನ ಪೈಪು ಬರುವುದು ನಿಂತಿತು, ಬ್ರಾಯರ್ ಮರವೂ ಸಿಗದಾಯಿತು. ಬ್ರಾಯರ್ ಎಂದರೆ ಮೆಡಿಟರೇನಿಯನ್ ಸುತ್ತಲಿನ ಗುಡ್ಡಗಳಲ್ಲಿ ಬೆಳೆಯುವ ಎರಿಕಾ ಆರ್ಬೋರಿಯಾ ಎಂಬ ಪೊದೆಯ ಬುಡದ ಗಂಟು. ಬೆಂಕಿಗೆ ಬೇಗ ಸುಡುವುದಿಲ್ಲ, ಅದಕ್ಕೇ ಪೈಪಿಗೆ ಒಗ್ಗಿದ ಮರ. ಅದಿಲ್ಲದ ಕಾಲದಲ್ಲಿ ಪೌಲ್ ನೀಲ್ಸನ್ ಎಂಬಾತ ಬೀಚ್ ಮರದಲ್ಲೇ ಪೈಪು ಮಾಡಲು ಶುರುಮಾಡಿದ. ಯುದ್ಧ ಮುಗಿದು ಬ್ರಾಯರ್ ಬಂತು, ಜೊತೆಗೆ ಇಂಗ್ಲಿಷ್ ಪೈಪುಗಳ ಪೈಪೋಟಿಯೂ ಬಂತು. ಪೈಪು ಸೇದುವವರ ಕಣ್ಣಲ್ಲಿ ಇಂಗ್ಲೆಂಡಿನದೇ ಶ್ರೇಷ್ಠ ಎಂದು ಅರಿತ ನೀಲ್ಸನ್ ತನ್ನ ಸರಕಿಗೆ ‘ಸ್ಟಾನ್‌ವೆಲ್’ ಎಂಬ ಇಂಗ್ಲಿಷ್ ಗತ್ತಿನ ಹೆಸರಿಟ್ಟ. ಕೊನೆಗೆ ತನ್ನ ಮನೆತನದ ಹೆಸರನ್ನೂ ಸ್ಟಾನ್‌ವೆಲ್ ಎಂದೇ ಬದಲಿಸಿಕೊಂಡ! ವ್ಯಾಪಾರಕ್ಕಾಗಿ ಇಷ್ಟು ನಿಷ್ಠೆ ತೋರಿಸಿದವರು ಕಡಿಮೆ.

ಹಳೆಯ ಸ್ಟಾನ್‌ವೆಲ್ ಪೈಪಿನ ದಂಟಿನ, ಅಂದರೆ ಬಟ್ಟಲಿನಿಂದ ಹೊರಟ ಮರದ ಕೊಳವೆಯ ಮೇಲೆ ‘ರೆಜಿಸ್ಟರ್ಡ್ ನಂಬರ್ 969-48’ ಎಂಬ ಅಚ್ಚು ಇರುತ್ತದೆ. ಇದನ್ನು ನೋಡಿ "1948ರ ಪೈಪು" ಎಂದು ಮಾರುವವರಿದ್ದಾರೆ, ಕೊಳ್ಳುವವರೂ ಇದ್ದಾರೆ. ಆ 48 ಟ್ರೇಡ್‌ಮಾರ್ಕ್ ನೋಂದಣಿಯಾದ ವರ್ಷ, ಅಷ್ಟೇ. ನೋಂದಣಿಯಾಗಿ ಸುಮಾರು ಎರಡು ದಶಕ ಅದೇ ಅಚ್ಚು ಹೊಡೆಯುತ್ತಲೇ ಇದ್ದರು. ಹಾಗಾಗಿ ಆ ಸಾಲು ಇದ್ದರೆ ಪೈಪು ಹಳೆಯದು ಎನ್ನಬಹುದು, ವರ್ಷ ಹೇಳಲಾಗದು. ಯಾವ ಆಕಾರದ ಪೈಪು ಎಂದು ತಿಳಿಸಲು ಹೊಡೆದ ನಂಬರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಒಂದು ಆಕಾರ ನಿಲ್ಲಿಸಿದ ಮೇಲೆ ಅದೇ ನಂಬರನ್ನು ಬೇರೊಂದು ಆಕಾರಕ್ಕೆ ಕೊಟ್ಟ ಉದಾಹರಣೆಗಳಿವೆ. ಇನ್ನು ‘ರಾಯಲ್ ಗಾರ್ಡ್’, ‘ಡಾನ್ಸ್ಕೆ ಕ್ಲಬ್’ ಎಂದು ಬರೆದ ಪೈಪುಗಳೂ ಸ್ಟಾನ್‌ವೆಲ್ ಕಾರ್ಖಾನೆಯಿಂದಲೇ ಹೊರಟವು. 2010ರ ಹೊತ್ತಿಗೆ ತಯಾರಿಕೆ ಇಟಲಿಗೆ ಹೋಯಿತು. ‘ಡೆನ್ಮಾರ್ಕ್’ ಎಂಬ ಪದವೇ ಇಲ್ಲದ ಹೊಳೆಯುವ ಸ್ಟಾನ್‌ವೆಲ್ ಬಂದರೆ ಅಜ್ಜನ ಕಾಲದ್ದು ಎಂಬ ಕಥೆ ನಂಬಬೇಡಿ.

ಅಚ್ಚು ಓದುವ ಕೆಲಸಕ್ಕೆ ದೊಡ್ಡ ಯಂತ್ರವೇನೂ ಬೇಡ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ದಂಟಿನ ಪಕ್ಕಕ್ಕೆ ಅಡ್ಡಲಾಗಿ ಹಿಡಿದು ಮೆಲ್ಲಗೆ ಪೈಪನ್ನು ತಿರುಗಿಸಬೇಕು. ನೇರ ಬೆಳಕಿನಲ್ಲಿ ಕಾಣದ ಅಕ್ಷರ ಅಡ್ಡಬೆಳಕಿನಲ್ಲಿ ನೆರಳು ಚೆಲ್ಲುತ್ತದೆ. ಆಗಲೂ ಕಾಣದಿದ್ದರೆ ಸೀಮೆಸುಣ್ಣದ ಪುಡಿಯನ್ನು ಬೆರಳಿನಿಂದ ಸವರಿ ಒರೆಸುತ್ತೇನೆ. ಗೆರೆಗಳಲ್ಲಿ ಮಾತ್ರ ಬಿಳುಪು ಉಳಿಯುತ್ತದೆ. ಮೇಷ್ಟ್ರ ಪೈಪಿನಲ್ಲಿ ಹೀಗೆಯೇ ಸವೆದುಹೋಗಿದ್ದ ಕೆಳಸಾಲು ಎದ್ದುಬಂತು: ‘ಹ್ಯಾಂಡ್‌ಮೇಡ್ ಇನ್ ಡೆನ್ಮಾರ್ಕ್’.

ನಿಜ ಹೇಳಬೇಕೆಂದರೆ ನನಗೆ ಅದಕ್ಕೂ ಮೊದಲೇ ಗುಮಾನಿ ಬಂದಿತ್ತು. ಬಟ್ಟಲಿನ ಬಾಯಿಯ ಅಂಚು ನುಣ್ಣಗಿರಲಿಲ್ಲ, ಒಡೆದ ಹಲಸಿನ ಸಿಪ್ಪೆಯಂತೆ ತರಿತರಿ. ಅದು ಬ್ರಾಯರ್ ಗಂಟಿನ ಹೊರಮೈ. ಇಂಗ್ಲಿಷ್ ಕಾರ್ಖಾನೆಗಳು ಗೊತ್ತಾದ ಕೆಲವು ಆಕಾರಗಳನ್ನು ಯಂತ್ರದಲ್ಲಿ ಕಡೆದು ತೆಗೆಯುತ್ತಿದ್ದವು. ಈ ಹೊರಮೈಗೆ ಅಲ್ಲಿ ಜಾಗವಿರಲಿಲ್ಲ. ಡೆನ್ಮಾರ್ಕಿನವರು ಮರದ ಎಳೆ ಎತ್ತ ಓಡುತ್ತದೋ ಅತ್ತಲೇ ಉಜ್ಜುತ್ತಾ ಹೋದರು. ಬದಿಗಳಲ್ಲಿ ಎಳೆ ನೆಟ್ಟಗೆ ಮೇಲೇರಬೇಕು, ಅಡ್ಡ ಕತ್ತರಿಸಿದ ಕಡೆ ಹಕ್ಕಿಗಣ್ಣಿನ ಚುಕ್ಕೆ ಕಾಣಬೇಕು. ಈ ದಾರಿ ತೆರೆದ ಸಿಕ್ಸ್ಟೆನ್ ಇವಾರ್ಸನ್ ಹುಟ್ಟಿದ್ದು ಸ್ವೀಡನ್ನಿನಲ್ಲಿ. ಕೋಪನ್‌ಹೇಗನ್‌ನಲ್ಲಿ ಪೈಪು ರಿಪೇರಿ ಮಾಡುತ್ತಾ ಕೈ ಪಳಗಿಸಿಕೊಂಡ ಆತ ಸ್ಟಾನ್‌ವೆಲ್‌ಗೂ ಹಲವು ಆಕಾರಗಳನ್ನು ರೂಪಿಸಿಕೊಟ್ಟ. ಆದರೂ ಆಕಾರವೊಂದನ್ನೇ ನಂಬಿ ಊರು ಹೇಳುವಂತಿಲ್ಲ. ಬೇರೆ ದೇಶಗಳವರೂ ಈ ಶೈಲಿಯನ್ನು ಧಾರಾಳವಾಗಿ ನಕಲು ಮಾಡಿದ್ದಾರೆ.

ಬೆನ್ ವೇಡ್ ಕಥೆ ಹೀಗೆ. ಲೀಡ್ಸ್‌ನ ಕಾರ್ಖಾನೆಯನ್ನು 1960ರ ದಶಕದಲ್ಲಿ ಅಮೆರಿಕದ ಲೇನ್ ಕಂಪನಿ ಕೊಂಡಿತು. ಕಾರ್ಖಾನೆ ಮುಚ್ಚಿತು, ಹೆಸರು ಉಳಿಯಿತು. 1970ರ ದಶಕದ ಆರಂಭದಲ್ಲಿ ಅದೇ ಹೆಸರನ್ನು ಕೋಪನ್‌ಹೇಗನ್‌ನ ಪ್ರೆಬೆನ್ ಹೋಲ್ಮ್ ಮಾಡುತ್ತಿದ್ದ ಪೈಪುಗಳ ಮೇಲೆ ಹೊಡೆದು ಅಮೆರಿಕದಲ್ಲಿ ಮಾರಿದರು. ಆಗ ಹೋಲ್ಮ್‌ಗೆ ಇಪ್ಪತ್ತೈದೂ ತುಂಬಿರಲಿಲ್ಲ. 1989ರಲ್ಲಿ, ನಲವತ್ತೆರಡರ ಆಸುಪಾಸಿನಲ್ಲೇ ತೀರಿಕೊಂಡ.

ಹೀಗೆ ಹೆಸರಿನಡಿ ಅಡಗಿದವರು ಇನ್ನೂ ಇದ್ದಾರೆ. ‘ಡಬ್ಲ್ಯು. ಓ. ಲಾರ್ಸನ್’ 1864ರಷ್ಟು ಹಳೆಯ ತಂಬಾಕಿನ ಅಂಗಡಿ. ಮುಂದೆ ಸ್ವಂತ ಹೆಸರಿನಿಂದಲೇ ಪ್ರಸಿದ್ಧರಾದ ಟೆಡ್ಡಿ ಕ್ನುಡ್ಸನ್‌ರಂಥವರು ಆ ಹೆಸರಿನಡಿ ಕೆಲಸ ಮಾಡಿದ್ದರು. ‘ಗಿಯೋರ್ಗ್ ಜೆನ್ಸನ್’ ಪೈಪು ತಂದು ಅದೇ ಹೆಸರಿನ ಡೆನ್ಮಾರ್ಕಿನ ಪ್ರಸಿದ್ಧ ಬೆಳ್ಳಿ ಕಲಾವಿದನದು ಎನ್ನುವವರು ವರ್ಷಕ್ಕೊಬ್ಬರಾದರೂ ಬರುತ್ತಾರೆ. ಬೆಳ್ಳಿಯ ಜೆನ್ಸನ್ 1935ರಲ್ಲೇ ತೀರಿಕೊಂಡ. ಪೈಪಿನವನು ಬೇರೆ.

ಬಾಯಲ್ಲಿ ಕಚ್ಚುವ ಭಾಗವನ್ನೂ ಬಿಡಬಾರದು. ಹಳೆಯವು ಹೆಚ್ಚಾಗಿ ಎಬೊನೈಟಿನವು, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರು. ಬಿಸಿಲಿಗೆ ಅದು ಹಸಿರುಗಂದು ಬಣ್ಣಕ್ಕೆ ತಿರುಗುತ್ತದೆ, ಉಜ್ಜಿದರೆ ಗಂಧಕದ ವಾಸನೆ ಬರುತ್ತದೆ. ಅಕ್ರಿಲಿಕ್ ಪ್ಲಾಸ್ಟಿಕ್ಕಿನದು ಹಾಗಾಗದು. ದಂಟು ಸೇರುವಲ್ಲಿ ಉಗುರು ತಡೆದರೆ ಬದಲಿಸಿದ್ದಿರಬಹುದು ಎಂದು ಬರೆದಿಟ್ಟುಕೊಳ್ಳುತ್ತೇನೆ.

ಕಲಿಯುವ ದಿನಗಳಲ್ಲಿ ಪೈಪೊಂದನ್ನು ಪಾಲಿಶ್ ಚಕ್ರಕ್ಕೆ ಹಿಡಿದು, ಕನ್ನಡಿಯಂತೆ ಹೊಳೆಸಿ, ಮಾಲೀಕರ ಕೈಗಿಟ್ಟ ಮೇಲೆ ಗೊತ್ತಾಯಿತು, ಅಚ್ಚಿನ ಮೂರು ಸಾಲಲ್ಲಿ ಎರಡು ಮಾಯ. ಅದು ಯಾರದೆಂದು ಇನ್ನು ಯಾರೂ ಹೇಳಲಾರರು. ಅದರ ರಿಪೇರಿ ದುಡ್ಡನ್ನು ನಾನು ತೆಗೆದುಕೊಳ್ಳಲಿಲ್ಲ.

ಮೇಷ್ಟ್ರ ಚೀಟಿಯಲ್ಲಿ ‘ಕೋಪನ್‌ಹೇಗನ್, ಪ್ರೆಬೆನ್ ಹೋಲ್ಮ್ ಕಾರ್ಯಾಗಾರ, 1970ರ ದಶಕದ ಆರಂಭದಿಂದ 1989ರ ನಡುವೆ’ ಎಂದು ಬರೆದುಕೊಟ್ಟೆ. ಅವರು ಅದನ್ನು ಎರಡು ಸಲ ಓದಿ, "ಹಾಗಾದ್ರೆ ಇಂಗ್ಲೆಂಡಿನದಲ್ಲ" ಎಂದು ಸ್ವಲ್ಪ ಬೇಜಾರಿನಿಂದಲೇ ಪಂಚೆ ಬಟ್ಟೆ ಸುತ್ತತೊಡಗಿದರು. "ಮನೆಗೆ ಹೋಗಿ ಬ್ರಾಸೋ ಹಾಕಿ ತಿಕ್ಕಬೇಡಿ ಮೇಷ್ಟ್ರೇ" ಎಂದೆ.

"ನಾಳೆ ತಿಕ್ಕೋಣ ಅಂತಿದ್ದೆ" ಎಂದರು.