ಪದ ಪರಿಚಯ: ಕೊರಿಯೋಲಿಸ್ ಫ್ಲೋ ಮೀಟರ್

ಬಂಕಿನಲ್ಲಿ ಪೆಟ್ರೋಲ್ ಲೀಟರ್ ಲೆಕ್ಕ, ಸಿಎನ್‌ಜಿ ಕಿಲೋ ಲೆಕ್ಕ. ತಕ್ಕಡಿ ಎಲ್ಲೂ ಕಾಣದಿದ್ದರೂ ಪರದೆಯ ಮೇಲೆ ಕಿಲೋಗ್ರಾಂ ಏರುತ್ತಲೇ ಹೋಗುತ್ತದೆ. ಹರಿಯುತ್ತಿರುವಾಗಲೇ ಅನಿಲವನ್ನು ಹೀಗೆ ತೂಗಲು ಹೆಚ್ಚಾಗಿ ಬಳಸುವ ಉಪಕರಣವೇ ಕೊರಿಯೋಲಿಸ್ ಫ್ಲೋ ಮೀಟರ್. ಕಾರ್ಖಾನೆಗಳಲ್ಲಿ ಬಳಕೆಯ ಹೆಸರು ‘ಮಾಸ್ ಫ್ಲೋ ಮೀಟರ್’.

ಲೀಟರ್ ಸಾಲದೇ? ಸಾಲದು. ಅನಿಲದ ಗಾತ್ರ ಒತ್ತಡಕ್ಕೆ ತಕ್ಕಂತೆ ಕುಗ್ಗುತ್ತದೆ, ಹಿಗ್ಗುತ್ತದೆ. ದ್ರವವೂ ಅಷ್ಟೇನೂ ಸಾಚಾ ಅಲ್ಲ: ಪೆಟ್ರೋಲ್ 10 ಡಿಗ್ರಿ ಬಿಸಿಯಾದರೆ ಗಾತ್ರ ಸುಮಾರು ಶೇ 1ರಷ್ಟು ಹೆಚ್ಚುತ್ತದೆ. ಬದಲಾಗದಿರುವುದು ದ್ರವ್ಯರಾಶಿ ಮಾತ್ರ.

ಮೀಟರಿನೊಳಗೆ ಸಾಮಾನ್ಯವಾಗಿ ಬಾಗಿದ ಎರಡು ಲೋಹದ ಕೊಳವೆಗಳಿರುತ್ತವೆ. ವಿದ್ಯುತ್ಕಾಂತದ ಸುರುಳಿಯೊಂದು ಅವು ಶ್ರುತಿಕವೆಯಂತೆ (ಟ್ಯೂನಿಂಗ್ ಫೋರ್ಕ್) ಸದಾ ಕಂಪಿಸುತ್ತಿರುವಂತೆ ಮಾಡುತ್ತದೆ. ದ್ರವ ನಿಂತಿದ್ದಾಗ ಕೊಳವೆಯಲ್ಲಿ ಅದು ಒಳಬರುವ ಬದಿ, ಹೊರಹೋಗುವ ಬದಿ ಎರಡೂ ಒಂದೇ ತಾಳದಲ್ಲಿ ಅಲುಗುತ್ತವೆ. ಹರಿವು ಶುರುವಾದರೆ ತಾಳ ತಪ್ಪುತ್ತದೆ. ಒಳಬರುವ ದ್ರವ ಕೊಳವೆಯ ಅಲುಗಾಟವನ್ನು ಹೊಸದಾಗಿ ಪಡೆಯಬೇಕಾದ್ದರಿಂದ ಆ ಬದಿಯನ್ನು ಹಿಂದಕ್ಕೆಳೆಯುತ್ತದೆ. ಹೊರಹೋಗುವಾಗ ಪಡೆದದ್ದನ್ನು ಮರಳಿಸುತ್ತಾ ಈ ಬದಿಯನ್ನು ಮುಂದೆ ತಳ್ಳುತ್ತದೆ. ಕಣ್ಣಿಗೆ ಕಾಣದಷ್ಟು ತಿರುಚು. ಎರಡೂ ಬದಿಯ ಸಂವೇದಕಗಳು ದಾಖಲಿಸುವ ಕಾಲವ್ಯತ್ಯಾಸ ಮೈಕ್ರೋಸೆಕೆಂಡುಗಳ ಲೆಕ್ಕದ್ದು. ಅದು ಸೆಕೆಂಡಿಗೆ ಹರಿದ ದ್ರವ್ಯರಾಶಿಗೆ ನೇರ ಅನುಪಾತದಲ್ಲಿರುತ್ತದೆ. ಇದರ ಜತೆಗೆ ಸಾಂದ್ರತೆಯೂ ಪುಕ್ಕಟೆಯಾಗಿ ಸಿಗುತ್ತದೆ. ದ್ರವದ ಸಾಂದ್ರತೆ ಹೆಚ್ಚಿದಷ್ಟೂ ಕಂಪನದ ಆವರ್ತನ ಇಳಿಯುತ್ತದೆ.

ಫ್ರಾನ್ಸಿನ ಗಣಿತಜ್ಞ ಗಾಸ್ಪಾರ್ ಗುಸ್ತಾವ್ ಕೊರಿಯೋಲಿಸ್ ಕೊಳವೆಯನ್ನು ಹೀಗೆ ತಿರುಚುವ ಬಲದ ಗಣಿತವನ್ನು ಪ್ರಕಟಿಸಿದ್ದು 1835ರಲ್ಲಿ, ತಿರುಗುವ ಯಂತ್ರಗಳ ಬಗ್ಗೆ ಯೋಚಿಸುತ್ತಾ. ಮೀಟರ್ ಮಾರುಕಟ್ಟೆಯಲ್ಲಿ ನೆಲೆಯೂರಿದ್ದು 1977ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಮೈಕ್ರೋ ಮೋಷನ್ ಕಂಪನಿ ಹುಟ್ಟಿದ ಮೇಲೆ. ಅಷ್ಟು ಸೂಕ್ಷ್ಮ ಕಾಲವನ್ನು ಅಳೆಯಬಲ್ಲ ಎಲೆಕ್ಟ್ರಾನಿಕ್ಸ್ ಇಲ್ಲದೆ ಗಣಿತವೊಂದೇ ಏನು ಮಾಡೀತು?

ದ್ರವಗಳಲ್ಲಿ ಒಳ್ಳೆಯ ಮೀಟರಿನ ದೋಷ ಶೇ 0.1ರ ಆಸುಪಾಸು. ಅಂಥ ಉಪಕರಣವನ್ನು ದಾರಿ ತಪ್ಪಿಸುವುದು ಗಾಳಿಗುಳ್ಳೆ! ದ್ರವ ಮತ್ತು ಗುಳ್ಳೆ ಒಟ್ಟಿಗೆ ಅಲುಗುವುದಿಲ್ಲ, ಕಂಪನದ ಶಕ್ತಿ ಸೋರಿಹೋಗುತ್ತದೆ, ಹಳೆಯ ಮಾದರಿಗಳಲ್ಲಿ ಕೊಳವೆ ಸ್ತಬ್ಧವಾಗುವುದೂ ಇತ್ತು. ಸಂಶೋಧನೆಯ ಬಹುಪಾಲು ಬೆವರು ಹರಿದಿರುವುದು ಇಲ್ಲೇ ಎಂದರೂ ನಡೆದೀತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಡಿಜಿಟಲ್ ನಿಯಂತ್ರಣದಿಂದ ಗುಳ್ಳೆಗಳ ನಡುವೆಯೂ ಕಂಪನ ನಿಲ್ಲದಂತೆ ಮಾಡಿತು. ಕಚ್ಚಾತೈಲ, ಅನಿಲ, ನೀರು ಬೆರೆತ ಹರಿವಿನಲ್ಲಿ ಯಾವುದೆಷ್ಟು ಎಂದು ಬಿಡಿಸಿ ಹೇಳುವುದು ಇನ್ನೂ ಕಠಿಣ ಲೆಕ್ಕ.

ಕೊಳವೆ ದಪ್ಪವಾದಷ್ಟೂ ಮೀಟರಿನ ತೂಕ, ಬೆಲೆ ಎರಡೂ ವಿಪರೀತ ಏರುತ್ತವೆ. ಆದ್ದರಿಂದ ನಗರದ ದೊಡ್ಡ ನೀರಿನ ಕೊಳವೆಗಳಿಗೆ ವಿದ್ಯುತ್ಕಾಂತೀಯ ಅಥವಾ ಅಲ್ಟ್ರಾಸಾನಿಕ್ ಮೀಟರುಗಳೇ ಗತಿ.