ತೊಟ್ಟಿಲ ಪಕ್ಕ ನಿಂತ ಮಗು

ಆರು ವಾರದ ಲಸಿಕೆಗೆಂದು ಮೊನ್ನೆ ಒಂದು ಕೂಸು ಬಂತು. ಜೊತೆಗೆ ಬಾಣಂತಿ, ಅವಳ ತಾಯಿ, ಚೀಲ ಹಿಡಿದ ಸೋದರಮಾವ. ಇವರೆಲ್ಲರ ಹಿಂದೆ ಮೂರೂವರೆ ವರ್ಷದ ಒಬ್ಬ ಹುಡುಗ. ಅಜ್ಜಿ ಕೂಸಿನ ಕುಲಾವಿ ಬಿಚ್ಚಿ, ಕಾಲುಚೀಲ ಕಳಚಿ, ತೂಕದ ಯಂತ್ರದ ಮೇಲೆ ಮಲಗಿಸಿದರು. ಎಲ್ಲರ ಕಣ್ಣೂ ಅಂಕಿಯ ಮೇಲೆ. ಹುಡುಗ ಮಾತ್ರ ಕೆಳಗೆ ಬಿದ್ದ ಕಾಲುಚೀಲವನ್ನು ಹೆಕ್ಕಿಕೊಂಡು, ಅದನ್ನು ತನ್ನ ಹೆಬ್ಬೆರಳಿಗೆ ತೊಡಿಸಿ ನೋಡುತ್ತಿದ್ದ. "ನಾಲ್ಕು ಕಿಲೋ ಆರುನೂರು" ಎಂದೆ. ಅಜ್ಜಿಯ ಮುಖ ಅರಳಿತು.

"ಇವನದನ್ನೂ ನೋಡೋಣ" ಎಂದು ಹುಡುಗನನ್ನು ಕರೆದೆ.

"ಅವನಿಗೇನು ಡಾಕ್ಟರೇ, ಹಠ ಒಂದು ಬಿಟ್ಟರೆ ಗುಂಡುಕಲ್ಲಿನ ಹಾಗಿದ್ದಾನೆ" ಎಂದರು ಅಜ್ಜಿ.

ನಾಲ್ಕು ತಿಂಗಳ ಹಿಂದೆ, ಮಗಳನ್ನು ಸೀಮಂತಕ್ಕೆ ಕರೆತಂದಿದ್ದಾಗ, ಇದೇ ಹುಡುಗನನ್ನು ಕೆಮ್ಮಿಗೆ ತೋರಿಸಿದ್ದರು. ಆಗ 13.7 ಕಿಲೋ. ಈಗ 13.4. ಈ ವಯಸ್ಸಿನ ಮಗು ವರ್ಷಕ್ಕೆ ಸುಮಾರು ಎರಡು ಕಿಲೋ ಕೂಡಬೇಕು. ಕೂಡುವುದಿರಲಿ, ಇದ್ದದ್ದರಲ್ಲೇ ಮುನ್ನೂರು ಗ್ರಾಂ ಕಳೆದುಕೊಂಡಿದ್ದ. ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿತ್ತು. ಮೂರು ದಿನಕ್ಕೊಮ್ಮೆ ಮಲವಿಸರ್ಜನೆ, ಅದೂ ಅತ್ತುಕೊಂಡು. ಅನ್ನ, ಮುದ್ದೆ ಬೇಡ; ಹಾಲು, ಬಿಸ್ಕತ್ತು ಮಾತ್ರ ಬೇಕು. ಹಾಲೂ ಲೋಟದಲ್ಲಿ ಬೇಡ, ಬಾಟಲಿಯಲ್ಲೇ ಆಗಬೇಕು. "ತಮ್ಮ ಬಂದಾಗಿನಿಂದ ಇವನಿಗೆ ಹೊಟ್ಟೆಕಿಚ್ಚು" ಎಂದು ಅಜ್ಜಿ ತೀರ್ಪು ಕೊಟ್ಟರು.

ಈ ಮಾತನ್ನು ನಾನು ಒಪ್ಪುವುದಿಲ್ಲ. ಇನ್ನೊಬ್ಬರದು ತನಗೆ ಬೇಕು ಎನ್ನಿಸುವುದು ಹೊಟ್ಟೆಕಿಚ್ಚು. ಈ ಹುಡುಗನಿಗೆ ಇನ್ನೊಬ್ಬರದೇನೂ ಬೇಕಾಗಿಲ್ಲ. ಅಮ್ಮನ ಪಕ್ಕದ ಜಾಗ, ಅಮ್ಮ ತಿನ್ನಿಸುವ ತುತ್ತು, ನಿದ್ದೆಗೆ ಮುಂಚೆ ಅವಳ ಸೆರಗಿನ ತುದಿ ಇವೆಲ್ಲ ಅವನದೇ ಆಗಿದ್ದವು. ಅವು ಒಂದೇ ದಿನದಲ್ಲಿ ಹೋದವು, ಯಾಕೆಂದು ಯಾರೂ ಅವನಿಗೆ ತಿಳಿಯುವ ಹಾಗೆ ಹೇಳಲಿಲ್ಲ. ಇದು ದುಃಖ. ದುಃಖವನ್ನು ಹಠವೆಂದು ಕರೆದ ಮನೆಯಲ್ಲಿ ಚಿಕಿತ್ಸೆಯೂ ಬೈಗುಳದಿಂದಲೇ ಶುರುವಾಗುತ್ತದೆ.

ದೊಡ್ಡ ಮಗುವಿನ ಈ ಪಾಡು ವೈದ್ಯಶಾಸ್ತ್ರಕ್ಕೆ ಒಂದು ಪದವನ್ನೇ ಕೊಟ್ಟಿದೆ. ಇಂದಿನ ಘಾನಾ ಆಗ ಗೋಲ್ಡ್ ಕೋಸ್ಟ್ ಎಂಬ ಬ್ರಿಟಿಷ್ ವಸಾಹತು. ಜಮೈಕಾದಲ್ಲಿ ಹುಟ್ಟಿದ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಅಲ್ಲಿ ಕೆಲಸ ಮಾಡುತ್ತಿದ್ದಾಗ ಕಾಲು ಊದಿಕೊಂಡ, ಚರ್ಮ ಸುಲಿದ, ಕೂದಲು ಬಣ್ಣಗೆಟ್ಟ ಪುಟ್ಟ ಮಕ್ಕಳನ್ನು ಕಂಡರು. 1933ರಲ್ಲಿ ಆ ರೋಗವನ್ನು ವಿವರಿಸಿ ಬರೆದರು. 1935ರಲ್ಲಿ ಅದಕ್ಕೆ ಅಲ್ಲಿನ ಗಾ ಭಾಷೆಯ ತಾಯಂದಿರ ಬಾಯಲ್ಲಿದ್ದ ಹೆಸರನ್ನೇ ಇಟ್ಟರು: ಕ್ವಾಶಿಯೋರ್ಕರ್. ಮುಂದಿನ ಕೂಸು ಹುಟ್ಟಿದಾಗ ಹಿಂದಿನ ಮಗುವಿಗೆ ಬರುವ ಕಾಯಿಲೆ ಎಂದು ಅದರ ಅರ್ಥ. ಎದೆಹಾಲು ತಪ್ಪಿದ ಮಗು ಬರೀ ಗಂಜಿಯ ಮೇಲೆ ಬದುಕುವಾಗ ಬರುತ್ತಿದ್ದ ಅಪೌಷ್ಟಿಕತೆ ಅದು. ಪ್ರಯೋಗಾಲಯಕ್ಕಿಂತ ಮೊದಲೇ ಆ ತಾಯಂದಿರು ಕಾರಣವನ್ನು ಹೆಸರಿನಲ್ಲೇ ಕಟ್ಟಿಟ್ಟಿದ್ದರು. ಕಲಿಯುವಾಗ ಈ ಪದದ ಅರ್ಥ ಓದಿದ ದಿನದಿಂದ, ಕೂಸನ್ನು ತಂದವರ ಹಿಂದೆ ನಿಂತಿರುವ ಮಗುವನ್ನು ನೋಡದೆ ಕಳುಹಿಸಲು ನನಗೆ ಮನಸ್ಸು ಬರುವುದಿಲ್ಲ.

ಅಂಥ ಊದಿದ ಕಾಲುಗಳು ಈಗ ನನ್ನ ಕೋಣೆಗೆ ಬರುವುದು ಅಪರೂಪ. ಅದರ ಸೌಮ್ಯ ರೂಪ ಮಾತ್ರ ಬರುತ್ತಲೇ ಇದೆ. ಬಾಣಂತಿಯ ಪಥ್ಯದ ಅಡುಗೆ ಒಂದು ಕಡೆ, ಬಂದವರ ಕಾಫಿ ಇನ್ನೊಂದು ಕಡೆ. ನಡುವೆ ದೊಡ್ಡ ಮಗು ಗಲಾಟೆ ಮಾಡದಿರಲೆಂದು ಕೈಗೊಂದು ಬಿಸ್ಕತ್ತು ಪೊಟ್ಟಣ, ಒಂದು ಮೊಬೈಲು. ದಿನಕ್ಕೆ ನಾಲ್ಕೈದು ಬಾಟಲಿ ಹಸುವಿನ ಹಾಲು ಕುಡಿದು ಹೊಟ್ಟೆ ತುಂಬಿಸಿಕೊಂಡ ಮಗು ಊಟಕ್ಕೆ ಬರುವುದಿಲ್ಲ. ಹಾಲಿನಲ್ಲಿ ಕಬ್ಬಿಣಾಂಶ ತೀರಾ ಕಡಿಮೆ. ರಕ್ತ ಇಳಿಯುತ್ತದೆ, ಹಸಿವು ಇನ್ನಷ್ಟು ಸಾಯುತ್ತದೆ, ಕೆಲವು ಮಕ್ಕಳು ಮಣ್ಣು, ಸುಣ್ಣ ತಿನ್ನತೊಡಗುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಶೇ 67ರಷ್ಟು ಮಕ್ಕಳಿಗೆ ರಕ್ತಹೀನತೆ ಇದೆ. ಮೊದಲೇ ಸೊರಗಿದ ಮಗುವಿಗೆ ಈ ನಾಲ್ಕು ತಿಂಗಳ ಉಪೇಕ್ಷೆ ದುಬಾರಿಯಾಗುತ್ತದೆ. ಹೆರಿಗೆಯಾದ ಮೇಲೆ ಮುಂದಿನ ಬಸಿರಿಗೆ ಕನಿಷ್ಠ 24 ತಿಂಗಳ ಅಂತರವಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ತಾಯಿಗಾಗಿ ಎಷ್ಟೋ, ಈ ಮಗುವಿಗಾಗಿಯೂ ಅಷ್ಟೇ.

ಇನ್ನೂ ಎದೆಹಾಲು ಕುಡಿಯುತ್ತಿರುವ ಮಗುವಿದ್ದಾಗಲೇ ಬಸಿರಾದರೆ ಕೆಲವು ಮನೆಗಳಲ್ಲಿ ಮೊಲೆಗೆ ಬೇವಿನ ರಸ ಹಚ್ಚಿ ಒಂದೇ ದಿನದಲ್ಲಿ ಬಿಡಿಸುತ್ತಾರೆ. ಹಾಗೆ ಮಾಡಬೇಡಿ. ಬಸಿರಿನಲ್ಲಿ ತೊಡಕಿಲ್ಲದಿದ್ದರೆ, ನಿಮ್ಮ ಹೆರಿಗೆ ವೈದ್ಯರು ಬೇಡವೆನ್ನದಿದ್ದರೆ, ಕುಡಿಸುವುದರಿಂದ ಅಪಾಯವಿಲ್ಲ. ಬಿಡಿಸುವುದಾದರೂ ವಾರಗಟ್ಟಲೆ ಸಮಯ ಕೊಟ್ಟು, ಒಂದೊಂದು ಹೊತ್ತನ್ನೇ ಕಡಿಮೆ ಮಾಡುತ್ತಾ ಬಿಡಿಸಿ.

ಇನ್ನು ತವರಿನ ವಿಚಾರ. ನಮ್ಮ ಬಾಣಂತನದ ಪದ್ಧತಿಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಎಣ್ಣೆ ನೀರು, ಬಿಸಿ ಊಟ, ನಿದ್ದೆ, ಹೆತ್ತವಳ ಕೈಯ ಆರೈಕೆ ಹೆರಿಗೆಯಾದ ಹೆಣ್ಣಿಗೆ ಬೇಕೇ ಬೇಕು. ಎರಡನೆಯ ಹೆರಿಗೆಯಲ್ಲಿ ಆ ಪದ್ಧತಿ ಒಂದು ಕಠಿಣ ಪ್ರಶ್ನೆಯನ್ನು ಎದುರಿಗಿಡುತ್ತದೆ: ಮೊದಲ ಮಗು ಎಲ್ಲಿರಬೇಕು? "ಸುಮ್ಮನೆ ಶಾಲೆ ತಪ್ಪುತ್ತದೆ, ಇಲ್ಲೇ ಇರಲಿ" ಎಂದು ಎರಡೂವರೆ ವರ್ಷದ ಹುಡುಗಿಯನ್ನು ಬೆಂಗಳೂರಿನಲ್ಲಿ ಅಪ್ಪ ಮತ್ತು ಅಜ್ಜಿಯ ಬಳಿ ಬಿಟ್ಟು, ತಾಯಿ ಮೂರು ತಿಂಗಳು ತವರಿನಲ್ಲಿದ್ದ ಒಂದು ಕುಟುಂಬ ನನ್ನಲ್ಲಿಗೆ ಬಂದಿತ್ತು. ದಿನವೂ ವಿಡಿಯೋ ಕರೆ ಮಾಡುತ್ತಿದ್ದರಂತೆ. ತಾಯಿ ಮರಳಿದ ದಿನ ಹುಡುಗಿ ಅಜ್ಜಿಯ ಸೀರೆಯ ಹಿಂದೆ ಅವಿತುಕೊಂಡು ಅಮ್ಮನ ಮುಖ ನೋಡಲಿಲ್ಲ. ನಾಲ್ಕನೆಯ ದಿನದಿಂದ ಅಮ್ಮ ಬಚ್ಚಲಿಗೆ ಹೋದರೂ ಬಾಗಿಲ ಮುಂದೆ ಕೂತು ಕಿರುಚತೊಡಗಿದಳು. "ನನ್ನನ್ನು ಮರೆತೇಬಿಟ್ಟಿದ್ದಾಳೆ ಡಾಕ್ಟರೇ" ಎಂದು ಆ ತಾಯಿ ನನ್ನ ಮುಂದೆ ಅತ್ತರು. ಮರೆತಿರಲಿಲ್ಲ. ಮರೆತ ಮಗು ಮುಖ ತಿರುಗಿಸುವುದಿಲ್ಲ.

ಬ್ರಿಟನ್ನಿನಲ್ಲಿ ಜೇಮ್ಸ್ ಮತ್ತು ಜಾಯ್ಸ್ ರಾಬರ್ಟ್‌ಸನ್ ದಂಪತಿ 1960ರ ದಶಕದಲ್ಲಿ ಇದನ್ನೇ ಕ್ಯಾಮೆರಾ ಹಿಡಿದು ದಾಖಲಿಸಿದರು. ತಾಯಿ ಎರಡನೆಯ ಹೆರಿಗೆಗೆ ಹೋದಾಗ 17 ತಿಂಗಳ ಜಾನ್ ಎಂಬ ಮಗು ಒಂಬತ್ತು ದಿನ ಶಿಶುಪಾಲನಾ ಕೇಂದ್ರದಲ್ಲಿತ್ತು. ಅಲ್ಲಿನ ದಾದಿಯರು ಒಳ್ಳೆಯವರೇ. ಆದರೆ ಪಾಳಿಯ ಪ್ರಕಾರ ಬದಲಾಗುತ್ತಿದ್ದರು. ಯಾರೊಬ್ಬರೂ ಅವನ ಪಾಲಿಗೆ ನಿಲ್ಲುತ್ತಿರಲಿಲ್ಲ. ಮಗು ಊಟ ಬಿಟ್ಟಿತು, ಆಟ ಬಿಟ್ಟಿತು, ಕೊನೆಗೆ ಕರೆದೊಯ್ಯಲು ಬಂದ ತಾಯಿಯ ತೋಳಿನಿಂದಲೇ ಕೊಸರಿಕೊಂಡಿತು. ಅದೇ ದಂಪತಿ ಇನ್ನು ನಾಲ್ಕು ಮಕ್ಕಳನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. ಜಾಯ್ಸ್ ಒಬ್ಬರೇ ಆರೈಕೆ ಮಾಡಿದ್ದರಿಂದ, ತಾಯಿಯ ಮಾತನ್ನು ದಿನವೂ ಆಡಿದ್ದರಿಂದ, ಆ ಮಕ್ಕಳು ಜಾನ್‌ನಂತೆ ಕುಸಿಯಲಿಲ್ಲ.

ಹಾಗಾಗಿ ನನ್ನ ಸಲಹೆ ಸ್ಪಷ್ಟ. ಮೂರು ವರ್ಷದೊಳಗಿನ ಮಗುವನ್ನು ತಾಯಿಯ ಜೊತೆಗೇ ತವರಿಗೆ ಕರೆದುಕೊಂಡು ಹೋಗಿ. ನರ್ಸರಿ ಮೂರು ತಿಂಗಳು ತಪ್ಪಿದರೆ ಆಗುವ ನಷ್ಟ ಏನೂ ಇಲ್ಲ. ಬಿಡಲೇಬೇಕಾದರೆ ಒಬ್ಬರೇ, ಮಗುವಿಗೆ ಚೆನ್ನಾಗಿ ಒಗ್ಗಿದವರೇ, ಎಲ್ಲ ದಿನವೂ ನೋಡಿಕೊಳ್ಳಲಿ. ಇವತ್ತು ಅತ್ತೆ, ನಾಳೆ ಚಿಕ್ಕಮ್ಮ, ನಾಡಿದ್ದು ಪಕ್ಕದ ಮನೆಯವರು ಎಂದಾಗಬಾರದು. ಅಮ್ಮನ ಹಳೆಯ ಸೀರೆಯೊಂದು ಮಗುವಿನ ಹಾಸಿಗೆಯಲ್ಲಿರಲಿ. ವಾರಕ್ಕೊಮ್ಮೆ ಅಪ್ಪ ಅದನ್ನು ಕರೆದುಕೊಂಡು ಹೋಗಿ ತಾಯಿಯ ಪಕ್ಕ ಒಂದು ರಾತ್ರಿ ಮಲಗಿಸಲಿ. ಹೋಗಿಬರುವಾಗ ಮಗು ಅಳುತ್ತದೆ ಎಂದು ಹೆದರಿ ಭೇಟಿಯನ್ನೇ ನಿಲ್ಲಿಸಬೇಡಿ. ಅಳುವ ಮಗುವಿಗೆ ಇನ್ನೂ ನಂಬಿಕೆಯಿದೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂಬುದು ಗಾದೆ. ದೊಡ್ಡ ಮಗುವಿನ ಹಾಸಿಗೆಯ ವಿಚಾರವನ್ನಾದರೂ ಕೂಸು ಹುಟ್ಟುವ ಮುಂಚೆಯೇ ತೀರ್ಮಾನಿಸಿ. ಅಜ್ಜಿಯ ಪಕ್ಕ ಮಲಗಬೇಕೆಂದಿದ್ದರೆ ಮೂರು ನಾಲ್ಕು ತಿಂಗಳು ಮೊದಲೇ ರೂಢಿಯಾಗಲಿ. ಆಸ್ಪತ್ರೆಯಿಂದ ಕೂಸು ಬಂದ ರಾತ್ರಿಯೇ ದೊಡ್ಡ ಮಗುವಿನ ಜಾಗ ಬದಲಾದರೆ ಆ ಲೆಕ್ಕ ನೇರವಾಗಿ ಕೂಸಿನ ಮೇಲೆ ಹೋಗುತ್ತದೆ. ಬಾಟಲಿ ಬಿಡಿಸುವುದು, ಚಡ್ಡಿಯಲ್ಲಿ ಮಾಡದಂತೆ ಕಲಿಸುವುದು, ಜೂನ್ ತಿಂಗಳ ಎಲ್‌ಕೆಜಿ ಸೇರ್ಪಡೆ ಇವೂ ಹಾಗೆಯೇ. ಹೆರಿಗೆಯ ಆಸುಪಾಸಿನ ಎರಡು ಮೂರು ತಿಂಗಳಲ್ಲಿ ಹೊಸದೇನನ್ನೂ ಹೇರಬೇಡಿ. ಆಟಕ್ಕೆ ತಮ್ಮ ಬರುತ್ತಾನೆ ಎಂದು ಆಸೆಯನ್ನೂ ಹುಟ್ಟಿಸಬೇಡಿ. ಬರುವ ಕೂಸು ಆಡುವುದಿಲ್ಲ, ಮಲಗುತ್ತದೆ, ಅಳುತ್ತದೆ. "ಅದು ತುಂಬಾ ಅಳುತ್ತದೆ, ಅಮ್ಮ ಎತ್ತಿಕೊಳ್ಳಬೇಕಾಗುತ್ತದೆ, ನಿನ್ನನ್ನೂ ಹೀಗೆಯೇ ಎತ್ತಿಕೊಂಡಿದ್ದೆ" ಎಂದು ಅದರ ಹಳೆಯ ಫೋಟೋ ತೋರಿಸಿ ಹೇಳಿ.

ಮನೆಗೆ ಬರುವ ನೆಂಟರ ಬಾಯಿಯ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ. "ನಿನ್ನನ್ನು ತೌಡು ಕೊಟ್ಟು ತಂದಿದ್ದು, ಇದೇ ನಿಜವಾದ ಮಗು" ಎಂಬ ತಮಾಷೆಯನ್ನು ನಾವೆಲ್ಲ ಚಿಕ್ಕವರಿದ್ದಾಗ ಕೇಳಿದ್ದೇವೆ. ಹೇಳಿದವರು ನಕ್ಕರು. ಮೂರು ವರ್ಷದ ಮಗುವಿಗೆ ತಮಾಷೆ ಮತ್ತು ಸತ್ಯದ ನಡುವಿನ ಗೆರೆ ಕಾಣುವುದಿಲ್ಲ. ಅಮ್ಮ ದೂರವಾದ ವಾರದಲ್ಲೇ ಈ ಮಾತು ಕಿವಿಗೆ ಬಿದ್ದರೆ ಅದಕ್ಕೆ ಸಾಕ್ಷಿಯೂ ಸಿಕ್ಕಂತಾಗುತ್ತದೆ. ತಂದೆಯಾದವನು ಅಲ್ಲೇ, ಮಗುವಿನ ಎದುರಿಗೇ, ಆ ಮಾತನ್ನು ತಡೆಯಬೇಕು. "ನೀನು ಈಗ ದೊಡ್ಡವನು" ಎಂಬುದನ್ನೂ ಸ್ವಲ್ಪ ಅಳೆದು ಆಡಿ. ನಿನ್ನೆ ಎತ್ತಿ ಮುದ್ದಾಡಿಸಿಕೊಂಡ ಮಗು ಒಂದೇ ರಾತ್ರಿಗೆ ದೊಡ್ಡದಾಗುವುದಿಲ್ಲ. ದೊಡ್ಡವನೆಂದು ಹೇಳುವುದು ಬರೀ ಬಿಟ್ಟುಕೊಡಬೇಕಾದಾಗ ಮಾತ್ರ ಎಂಬುದನ್ನು ಮಕ್ಕಳು ಬೇಗ ಕಂಡುಕೊಳ್ಳುತ್ತಾರೆ.

ನಾಮಕರಣದ ದಿನ ಒಂದು ಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ತೊಟ್ಟಿಲಲ್ಲಿ ಮೊದಲು ಗುಂಡುಕಲ್ಲನ್ನು ಮಲಗಿಸಿ ತೂಗುವಾಗ ಹಗ್ಗದ ತುದಿಯನ್ನು ಐದು ವರ್ಷದ ಅಕ್ಕನ ಕೈಗೂ ಕೊಟ್ಟರು. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದ ಮೇಲೆ ಅವಳೂ ಬಗ್ಗಿ ಹೇಳಿದಳು. ಅಷ್ಟು ಮೆಲ್ಲಗೆ ಹೇಳಬೇಕೆಂದು ಅವಳಿಗೆ ಗೊತ್ತಿರಲಿಲ್ಲ, ಇಡೀ ನಡುಮನೆಗೆ ಕೇಳಿಸಿತು. ಶಾಸ್ತ್ರಕ್ಕೆ ಏನೂ ಕುಂದಾಗಲಿಲ್ಲ.

ಸುರಕ್ಷತೆಯ ಮಾತನ್ನು ಹೇಳಲೇಬೇಕು. ಐದು ವರ್ಷದೊಳಗಿನ ಮಗುವನ್ನೂ ಕೂಸನ್ನೂ ಒಂದು ನಿಮಿಷವೂ ಇಬ್ಬರನ್ನೇ ಬಿಡಬೇಡಿ. ಕೆಟ್ಟ ಬುದ್ಧಿಗಿಂತ ಪ್ರೀತಿಯಿಂದಲೇ ಹೆಚ್ಚು ಅನಾಹುತಗಳಾಗುತ್ತವೆ. ಇಪ್ಪತ್ತು ದಿನದ ತಂಗಿಗೆ ಹಸಿವಾಗಿದೆಯೆಂದು ತನ್ನ ತಟ್ಟೆಯ ಖಾರದ ಕಡಲೆಪುರಿಯನ್ನೇ ಬಾಯಿಗೆ ಹಾಕಿದ ಅಣ್ಣನನ್ನು ನಾನು ಕಂಡಿದ್ದೇನೆ. ಅಜ್ಜಿ ಸಮಯಕ್ಕೆ ಸರಿಯಾಗಿ ನೋಡಿದ್ದರು. ಅಂಗನವಾಡಿಯಿಂದ, ಶಾಲೆಯಿಂದ ಬಂದ ಮಗು ಕೈ ತೊಳೆದು ಕೂಸಿನ ಕಾಲು ಮುಟ್ಟಲಿ, ಪಾದಕ್ಕೆ ಮುತ್ತು ಕೊಡಲಿ, ಮುಖಕ್ಕೆ ಬೇಡ. ದೊಡ್ಡ ಮಗುವಿನ ಸಾಮಾನ್ಯ ನೆಗಡಿ ಕೂಸಿನ ಎದೆಗೆ ಇಳಿಯಬಹುದು. ಎರಡು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ, ಹಾಲು ಬಿಟ್ಟರೆ, ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಬನ್ನಿ. ಹೊಡೆಯಲು, ಚಿವುಟಲು ಬಂದ ಕೈಯನ್ನು ಗಟ್ಟಿಯಾಗಿ ಹಿಡಿದು, "ಹೊಡೆಯಲು ಬಿಡುವುದಿಲ್ಲ, ನಿನಗೆ ಸಿಟ್ಟು ಬಂದಿದೆ, ನನ್ನ ಹತ್ತಿರ ಬಾ" ಎಂದರೆ ಸಾಕು. ಎರಡನೆಯ ಪೆಟ್ಟು ನಿಮ್ಮದಾಗಬಾರದು.

ಆ ಹುಡುಗನ ತಾಯಿ ಹೊರಡುವ ಮುಂಚೆ ತಗ್ಗಿದ ದನಿಯಲ್ಲಿ ಒಂದು ಮಾತು ಹೇಳಿದರು. ಕೂಸಿಗೆ ಹಾಲು ಕೊಡಲು ಕೂತ ತಕ್ಷಣವೇ ಇವನಿಗೆ ನೀರು ಬೇಕಾಗುತ್ತದೆ. ಬೇರೆ ಯಾರು ಕೊಟ್ಟರೂ ಆಗದು, ಅಮ್ಮನೇ ಕೊಡಬೇಕು. ಇದನ್ನು ನಾನು ಹತ್ತಾರು ತಾಯಂದಿರಿಂದ ಕೇಳಿದ್ದೇನೆ: ನೀರು, ಇಲ್ಲವೇ ಕಕ್ಕಸು, ಇಲ್ಲವೇ ಹೊಟ್ಟೆನೋವು, ಸರಿಯಾಗಿ ಅದೇ ಗಳಿಗೆಗೆ. ಅವನು ಕೇಳುತ್ತಿರುವುದು ನೀರಲ್ಲ ಎಂದು ಆ ತಾಯಿಗೂ ಗೊತ್ತಿತ್ತು. ಹಾಲು ಕೊಡಲು ಕೂರುವ ಮುಂಚೆ ಒಂದು ಚೊಂಬು ನೀರು, ಒಂದು ಬಟ್ಟಲು ಬಾಳೆಹಣ್ಣಿನ ಹೋಳು, ಅವನಿಗಿಷ್ಟದ ಚಿತ್ರದ ಪುಸ್ತಕ ಪಕ್ಕದಲ್ಲಿಟ್ಟುಕೊಂಡು, ಅವನ ಬೆನ್ನು ನಿಮ್ಮ ಬೆನ್ನಿಗೆ ತಾಗುವಂತೆ ಕೂರಿಸಿಕೊಳ್ಳಿ ಎಂದೆ. ಕೂಸು ಮಲಗಿದ ಮೇಲೆ ದಿನಕ್ಕೆ ಇಪ್ಪತ್ತು ನಿಮಿಷ ಅವನೊಬ್ಬನಿಗೇ ಇರಲಿ. ಆ ಹೊತ್ತಿನಲ್ಲಿ ಕೂಸು ಎದ್ದರೆ ಅಜ್ಜಿ ಎತ್ತಿಕೊಳ್ಳಲಿ, "ಪಾಪು ಸ್ವಲ್ಪ ಕಾಯಲಿ, ಈಗ ಅಣ್ಣನ ಸಮಯ" ಎಂಬ ಮಾತು ಅವನ ಕಿವಿಗೂ ಬೀಳಲಿ. ಹಾಲು ದಿನಕ್ಕೆ ಎರಡು ಲೋಟಕ್ಕೆ ಇಳಿಯಿತು. ಬಾಟಲಿಯನ್ನು ಮಾತ್ರ ಒಂದು ತಿಂಗಳು ಅವನಿಗೇ ಬಿಟ್ಟೆ. ಕಿತ್ತುಕೊಳ್ಳಲು ಈಗ ಹೊತ್ತಲ್ಲ. ಮಲ ಮೆತ್ತಗಾಗಲು ಔಷಧ ಬರೆದುಕೊಟ್ಟೆ, ರಕ್ತ ಪರೀಕ್ಷೆಗೂ ಕಳುಹಿಸಿದೆ. ಹಾಸಿಗೆ ಒದ್ದೆಯಾದರೆ ಬೈಯದೆ ಚಾದರ ಬದಲಿಸಿ ಎಂದೆ. ಇಂಥವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಎರಡು ಮೂರು ತಿಂಗಳಲ್ಲಿ ತಾವೇ ಹೋಗುತ್ತವೆ. ಹೋಗದಿದ್ದರೆ, ಮಗು ಮಾತು ಕಡಿಮೆ ಮಾಡಿದರೆ, ತೂಕ ಇಳಿಯುತ್ತಲೇ ಇದ್ದರೆ ಮತ್ತೆ ನೋಡಬೇಕು.

ಅಜ್ಜಿ ನಿನ್ನೆ ಫೋನ್ ಮಾಡಿದ್ದರು. ಹುಡುಗ ಈಗಲೂ ನೀರು ಕೇಳುತ್ತಾನಂತೆ. ಪಕ್ಕದಲ್ಲೇ ಇರುವ ಚೊಂಬನ್ನು ಅಮ್ಮ ಒಂದು ಕೈಯಲ್ಲಿ ಎತ್ತಿ ಅವನ ಬಾಯಿಗೆ ಹಿಡಿದರೆ, ಒಂದು ಗುಟುಕು ಕುಡಿದು, ಅಲ್ಲೇ ಒರಗಿಕೊಂಡು ಬಾಳೆಹಣ್ಣು ತಿನ್ನುತ್ತಾನಂತೆ.